ಉಗುರು ತೆಗೆಯುವ ವಾರ

ಶನಿವಾರ ಬಂತೆಂದರೆ ಫಕೀರವ್ವನಿಗೆ ಬೆಳಗಿನಿಂದಲೇ ಸಿಟ್ಟು. ಉಳಿದ ಆರು ದಿನ ಹನ್ನೊಂದು ಜನ ಮುದುಕ ಮುದುಕಿಯರ ಸೇವೆ ಮಾಡಿದರೆ ಮುಗಿಯಿತು. ಶನಿವಾರ ಮಾತ್ರ ಸೇವೆ ಮಾಡಲು ಬರುವವರ ಸೇವೆಯನ್ನೂ ಮಾಡಬೇಕು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ ಈ ವೃದ್ಧಾಶ್ರಮ ಇದೆ. ಕಾಲೇಜಿನ ಹುಡುಗ ಹುಡುಗಿಯರು ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಬರುತ್ತಾರೆ. ಅವರು ಬರುವಷ್ಟರಲ್ಲಿ ಎಲ್ಲರ ಮೈ ತೊಳೆದಿರಬೇಕು, ತಲೆ ಬಾಚಿರಬೇಕು, ಮಂಚಗಳ ಮೇಲೆ ಹೂವಿನ ಚಾದರ ಬಿದ್ದಿರಬೇಕು. ಅವರು ಹೋದ ಮೇಲೆ ಬಾಳೆಹಣ್ಣಿನ ಸಿಪ್ಪೆ ಆರಿಸಬೇಕು, ಯಾರದೋ ಹುಟ್ಟುಹಬ್ಬದ ಕೇಕನ್ನು ನೆಲದಿಂದ ಕೆರೆದು ತೆಗೆಯಬೇಕು. ಆ ಕೇಕು ತಿಂದ ಸಕ್ಕರೆ ಕಾಯಿಲೆಯವರನ್ನು ಎಷ್ಟು ಸಲ ಪಾಯಖಾನೆಗೆ ಕರೆದೊಯ್ಯಬೇಕು ಎಂಬುದನ್ನು ಅವರ ಬ್ಯಾನರಿನಲ್ಲಿ ಬರೆದಿರುವುದಿಲ್ಲ.

ಅಡುಗೆಗೆ ಲಕ್ಷ್ಮೀ, ಕಚೇರಿಗೆ ಮ್ಯಾನೇಜರ್ ಶಶಿಕಾಂತ, ಉಳಿದದ್ದೆಲ್ಲ ಫಕೀರವ್ವ. ಅವಳು ಹೊಳೆಮಣ್ಣೂರಿನವಳು. ಹೊಳೆ ಎರಡನೆಯ ಸಲ ಮನೆಯೊಳಗೆ ಬಂದಾಗ ಗಂಟು ಕಟ್ಟಿಕೊಂಡು ರೋಣಕ್ಕೆ ಬಂದವಳು ತಿರುಗಿ ಹೋಗಲಿಲ್ಲ. ಆರು ವರ್ಷದಿಂದ ಇಲ್ಲಿ ಆಯಾ. ಆ ಆರು ವರ್ಷದ ದಣಿವೆಲ್ಲ ಅವಳ ಮೊಣಕಾಲಿನಲ್ಲಿ ಇಳಿದು ಕೂತಿದೆ. ಮುಲಾಮಿಗೂ ಅಲ್ಲಾಡುವುದಿಲ್ಲ, ಮಾತ್ರೆಗೂ ಅಲ್ಲಾಡುವುದಿಲ್ಲ.

ಹುಡುಗರು ಕೆಟ್ಟವರೇನಲ್ಲ, ಆ ಮಾತು ಬೇರೆ. ಮುದುಕರೆಲ್ಲ ಕಿವುಡರೇ ಎಂದು ತಿಳಿದು ಚೀರಿ ಮಾತಾಡುತ್ತಾರೆ, ಊಟ ಆಯಿತೇ ಎಂದು ನಾಲ್ಕು ಜನ ನಾಲ್ಕು ಸಲ ಕೇಳುತ್ತಾರೆ, ಫೋಟೊ ತೆಗೆಯುವಾಗ ಹೆಗಲ ಮೇಲೆ ಕೈ ಹಾಕುತ್ತಾರೆ. ಹೋಗುವಾಗ 'ಬರ್ತೀವ್ರೀ ಅಜ್ಜಿ' ಅನ್ನುತ್ತಾರೆ. ಐದು ತಂಡಗಳ ಬಾಯಲ್ಲಿ ಫಕೀರವ್ವ ಆ ಮಾತು ಕೇಳಿದ್ದಾಳೆ. ಪರೀಕ್ಷೆ ಮುಗಿದ ಮೇಲೆ ಒಬ್ಬರೂ ಈ ಕಡೆ ತಲೆ ಹಾಕಿಲ್ಲ. ನಮ್ಮಲ್ಲಿ ಹೋಗುವವರೂ ಬರ್ತೀನಿ ಎಂದೇ ಹೇಳಿ ಹೋಗುವುದರಿಂದ ಅದನ್ನು ಸುಳ್ಳೆಂದು ಹಿಡಿಯಲೂ ಬರುವುದಿಲ್ಲ.

ಈ ಶನಿವಾರ ಹತ್ತು ಜನ ಬಂದರು. ಬಾಳೆಹಣ್ಣು ಇರಲಿಲ್ಲ, ಎಲ್ಲರ ಕೈಯಲ್ಲೂ ಒಂದೊಂದು ಹೊಸ ನೇಲ್ ಕಟರ್, ಒಂದೊಂದು ವರದಿ ಪುಸ್ತಕ. ವೈಯಕ್ತಿಕ ಸ್ವಚ್ಛತಾ ಅಭಿಯಾನವಂತೆ. ಒಬ್ಬೊಬ್ಬರಿಗೆ ಒಬ್ಬ ಹಿರಿಯರನ್ನು ಹಂಚಿ ಕೊಟ್ಟಿದ್ದರು. ಅವರ ಉಗುರು ತೆಗೆದು, ಪುಸ್ತಕದಲ್ಲಿ ಬರೆದು, ಮ್ಯಾನೇಜರ್ ಸಹಿ ಹಾಕಿಸಬೇಕು.

ಮೊದಲು ಒಬ್ಬ ಹುಡುಗ ಮಹಾಲಿಂಗಪ್ಪನ ಮುಂದೆ ಕೂತ. ನರಗುಂದದಲ್ಲಿ ನಲವತ್ತು ವರ್ಷ ಕಾಳು ವ್ಯಾಪಾರದ ಅಡತಿ ಅಂಗಡಿ ನಡೆಸಿದ ಮನುಷ್ಯ ಮಹಾಲಿಂಗಪ್ಪ. ಕೈ ಹಿಂದಕ್ಕೆ ತೆಗೆದುಕೊಂಡ.

"ಇವತ್ತ ವಾರ ಯಾವುದು ತಮ್ಮಾ?"

"ಶನಿವಾರ್ರಿ ಅಜ್ಜಾರ."

"ಹನುಮಪ್ಪನ ವಾರ. ಉಗರಿಗೆ ಕತ್ತರಿ ಹಚ್ಚತಾರೇನು? ನಿಮ್ಮನ್ಯಾಗ ಯಾರೂ ಹೇಳಿಲ್ಲೇನು?"

"ಹಂಗಾದ್ರ ಸೋಮವಾರ ಬರ್ಲೇನ್ರಿ?"

"ಸೋಮವಾರ ಬಸವಣ್ಣನ ವಾರ."

ಪಕ್ಕದ ಮಂಚದ ನೀಲವ್ವ ಎದ್ದು ಕೂತು ಮಂಗಳವಾರ, ಶುಕ್ರವಾರ ಎರಡನ್ನೂ ದೇವಿಯ ಹೆಸರಿಗೆ ಬರೆದುಕೊಟ್ಟಳು. ಗುರುವಾರ ಗುರುವಿನದು ಎಂದು ಮೂಲೆಯಿಂದ ಯಾರೋ ಅಂದರು. ಆದಿತ್ಯವಾರ ಕಾಲೇಜಿನವರಿಗೇ ರಜೆ. ಹೀಗೆ ವಾರವೆಲ್ಲ ಖರ್ಚಾಗಿ ಬುಧವಾರವೊಂದು ಉಳಿಯಿತು. ಅದೂ ಅಮವಾಸ್ಯೆ ಬಾರದಿದ್ದರೆ ಮಾತ್ರ. ಹತ್ತು ಜನ ಹತ್ತು ನೇಲ್ ಕಟರ್ ಹಿಡಿದು ನಡುಮನೆಯಲ್ಲಿ ನಿಂತುಬಿಟ್ಟರು.

ಅವರ ಮಾನ ಉಳಿಸಿದವಳು ಲಾಲಬಿ. "ನಮ್ಮಾಗ ಶುಕ್ರವಾರ ನಮಾಜಿಗಿಂತ ಮೊದಲ ತೆಗೀತಾರ. ಆದ್ರ ನಿನ್ನಿ ನನಗ ಬಗ್ಗಾಕ ಆಗಲಿಲ್ಲ. ಬರ್ರಿ, ಕಾಲಿಂದ ಸುರು ಮಾಡ್ರಿ," ಎಂದು ಎರಡೂ ಕಾಲು ಚಾಚಿದಳು. ಒಬ್ಬೊಬ್ಬರಾಗಿ ಒಂದೊಂದು ಬೆರಳು ತೆಗೆದರು, ಒಂದೊಂದು ಫೋಟೊ ಹೊಡೆದುಕೊಂಡರು. ಆ ವಾರ ಒಂಬತ್ತು ಜನರ ವರದಿಯಲ್ಲೂ ಲಾಲಬಿಯ ಕಾಲೇ ಇತ್ತು.

ಹತ್ತನೆಯವಳು ಐಶ್ವರ್ಯಾ. ಚಿಕ್ಕನರಗುಂದದ ಹುಡುಗಿ, ರೋಣದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಳು. ಮಾತು ಕಡಿಮೆ, ಉಳಿದವರು ಅಜ್ಜಿ ಅಜ್ಜಿ ಎಂದು ಕೂಗುವಾಗ ಇವಳು ಊರಲ್ಲಿ ಕರೆಯುವ ಹಾಗೆ ಆಯಿ ಅನ್ನುತ್ತಿದ್ದಳು. ಅವಳ ಪಾಲಿಗೆ ಗೌರವ್ವ ಬಂದಿದ್ದಳು. ಹುಡುಗಿ ಮಂಚದ ಹತ್ತಿರ ಹೋದದ್ದನ್ನು ನೋಡಿ, ನೆಲ ಒರೆಸುತ್ತಿದ್ದ ಫಕೀರವ್ವನ ಕೈ ನಿಂತಿತು.

ಗೌರವ್ವನಿಗೆ ಲಕ್ವ ಹೊಡೆದು ಎರಡು ವರ್ಷ. ಎಡಗೈ ಮುಷ್ಟಿ ಕಟ್ಟಿಕೊಂಡಿದ್ದು ಮತ್ತೆ ಬಿಚ್ಚಿರಲಿಲ್ಲ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಖಾನಾವಳಿ ಇಟ್ಟು, ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದ ಕೈ ಅದು. ಮಕ್ಕಳಿಲ್ಲ, ಗಂಡ ಸತ್ತ ಮೇಲೂ ಒಬ್ಬಳೇ ಖಾನಾವಳಿ ನಡೆಸಿದವಳು ಕೈ ಬಿದ್ದ ಮೇಲೆ ಇಲ್ಲಿಗೆ ಬಂದಳು. ಬಾಯಿ ಮಾತ್ರ ಮೊದಲಿನಂತೆಯೇ ಇತ್ತು. ಲಕ್ಷ್ಮೀ ಮಾಡಿದ ದಪ್ಪ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇದರಾಗಿಂದ ಗಡದ ಕ್ವಾಟಿ ಕಾಣತಿಲ್ಲಲ್ಲಾ," ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

"ಆಯಿ, ಆ ಕೈ ತೋರಸ್ರಿ," ಎಂದಳು ಐಶ್ವರ್ಯಾ.

ಗೌರವ್ವ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಇವತ್ತ ಶನಿವಾರ. ಶನಿವಾರ ಬ್ಯಾಡವಾ."

ಫಕೀರವ್ವ ಅರಿವೆ ಹಿಂಡಿ ಬಕೇಟಿಗೆ ಹಾಕಿ ಹೊರಗೆ ಹೋದಳು.

ಆ ಮುಷ್ಟಿಯೊಳಗೆ ಏನಿದೆ ಎಂದು ಗೊತ್ತಿದ್ದವರು ಇಬ್ಬರೇ, ಗೌರವ್ವ ಮತ್ತು ಫಕೀರವ್ವ. ಎರಡು ತಿಂಗಳ ಹಿಂದೆ, ಕಾಲೇಜಿನ ಪ್ರಿನ್ಸಿಪಾಲರು ಬರುವವರಿದ್ದ ಶನಿವಾರ, ಶಶಿಕಾಂತ ಹಾದುಹೋಗುವಾಗ ಮೂಗು ಮುಚ್ಚಿಕೊಂಡು, "ಗೌರವ್ವನ ಕೈ ವಾಸನಿ ಹೊಡ್ಯಾಕತ್ತೈತಿ, ಲಗೂ ಸ್ವಚ್ಛ ಮಾಡು," ಎಂದಿದ್ದ. ಅದುವರೆಗೆ ಸಂದಿಯಲ್ಲಿ ಸಿಕ್ಕಷ್ಟು ಕತ್ತರಿಸುತ್ತಿದ್ದ ಉಗುರುಗಳು ಬೆಳೆದು ಅಂಗೈಗೆ ಒತ್ತಿಕೊಂಡಿದ್ದವು. ಇನ್ನೂ ನಾಲ್ಕು ಜನರ ಸ್ನಾನ ಬಾಕಿ ಇತ್ತು. ಫಕೀರವ್ವ ಮಂಡಿಯೂರಿ ಕೂತು ಬೆರಳುಗಳನ್ನು ಜಗ್ಗಿ, ಸಂದಿಯಲ್ಲಿ ಸಣ್ಣ ಕತ್ತರಿ ತೂರಿಸಿದಳು. ಗೌರವ್ವನ ಕೈ ತಟಕ್ಕನೆ ಮುಚ್ಚಿತು, ಕತ್ತರಿಯ ತುದಿ ಅಂಗೈಗೆ ಇಳಿಯಿತು. ರಕ್ತ ಬಂತು. ಗೌರವ್ವ ಚೀರಲಿಲ್ಲ, ಸುಮ್ಮನೆ ಮುಖ ನೋಡಿದಳು. ಫಕೀರವ್ವ ಅರಿಸಿನ ಒತ್ತಿ, ಅರಿವೆ ಸುತ್ತಿ, ಮುಂದಿನ ಮಂಚಕ್ಕೆ ಹೋದಳು. ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ಬಿಸಿನೀರು ತೆಗೆದುಕೊಂಡು ಹೋದಾಗ ಗೌರವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಾಗಿಲಲ್ಲಿ ಶಶಿಕಾಂತನೂ ನಿಂತಿದ್ದ. "ಬ್ಯಾಡ ಫಕೀರವ್ವಾ, ಹೋಗು," ಎಂದಳು. ಅವಳಿಗೆ ತನ್ನ ಮುಖ ಕಂಡರೆ ಅಂಜಿಕೆ ಎಂದು ಫಕೀರವ್ವ ತಿಳಿದಳು. ಅಂಜಿಕೆಯೋ, ಸಿಟ್ಟೋ. ಎರಡಕ್ಕೂ ತಾನು ಯೋಗ್ಯಳೇ ಅನ್ನಿಸಿತು. ಅಂದಿನಿಂದ ಅವಳು ಗೌರವ್ವನಿಗೆ ತಾಟು ಕೊಡುವಾಗಲೂ ಗೋಡೆ ನೋಡುತ್ತಿದ್ದಳು.

ಮೊನ್ನೆ ಶಶಿಕಾಂತ ಕರೆದು ಹೇಳಿದ್ದ: "ಒಂದನೇ ತಾರೀಖ ಡಾಕ್ಟರ್ ಬರ್ತಾರ. ಆ ಕೈಯಾಗ ಕೀವು ಆಗಿದ್ರ ಇಲ್ಲಿ ಇಟ್ಕೊಳ್ಳಾಕ ಬರಂಗಿಲ್ಲ, ಗದಗಿನ ದೊಡ್ಡ ದವಾಖಾನಿಗೆ ಕಳಸಬೇಕಾಗತೈತಿ. ಟ್ರಸ್ಟಿನ ನಿಯಮಾನಽ ಹಂಗೈತಿ, ನಾ ಏನ ಮಾಡ್ಲಿ." ಹೋದ ವರ್ಷ ಶಿವನಪ್ಪನನ್ನು ಕಾಲಿನ ಹುಣ್ಣಿಗೆಂದು ಹಾಗೆಯೇ ಕಳಿಸಿದ್ದರು. ಹದಿನೈದು ದಿನದಲ್ಲಿ ಅವನ ಮಂಚಕ್ಕೆ ಬೇರೊಬ್ಬರು ಬಂದರು. ಶಿವನಪ್ಪ ತಿರುಗಿ ಬರಲಿಲ್ಲ.

ಇದು ಫಕೀರವ್ವನ ಸಂಕಟ. ಕೈ ಬಿಚ್ಚಿಸಿದರೆ ಗಾಯದ ಕಲೆ ಕಾಣುತ್ತದೆ, ಯಾರು ಮಾಡಿದ್ದು ಎಂದು ಕೇಳುತ್ತಾರೆ, ಕೆಲಸ ಹೋಗುತ್ತದೆ. ಬಿಚ್ಚಿಸದಿದ್ದರೆ ಗೌರವ್ವ ಹೋಗುತ್ತಾಳೆ. ಮೊದಲು ಅಂಜಿದ್ದು ತನ್ನ ಕೆಲಸಕ್ಕೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ತನ್ನ ಮೇಲೆ ಅಸಹ್ಯವೂ ಇತ್ತು.

ಉಳಿದವರು ಟಂಟಂ ರಿಕ್ಷಾ ಹತ್ತುವಾಗ ಐಶ್ವರ್ಯಾ ಹಿತ್ತಲಿಗೆ ಬಂದಳು.

"ಅಕ್ಕಾರ, ಆಯಿ ಕೈ ಭಾಳ ದಿವಸದಿಂದ ಹಂಗಽ ಐತೇನ್ರಿ?"

"ಲಕ್ವ ಹೊಡದೈತಿ. ಬಿಚ್ಚಂಗಿಲ್ಲ."

"ಬುಧವಾರ ನಡೀತೈತಿ ಅಂದಾರ. ಬುಧವಾರ ನಾ ಬರ್ತೀನ್ರಿ."

"ಬಾರವಾ," ಎಂದಳು ಫಕೀರವ್ವ, ತಲೆ ಎತ್ತದೆ.

ಬಾ ಎಂದಳೇ ಹೊರತು ಅವಳು ನಂಬಲಿಲ್ಲ. ಆದರೂ ಬುಧವಾರ ಮಧ್ಯಾಹ್ನದ ಊಟ ಮುಗಿಸಿ ತಾಟು ತೊಳೆಯುವಾಗ ಎರಡು ಸಲ ರಸ್ತೆ ನೋಡಿದಳು. ಹುಡುಗಿ ಬರಬೇಕೆಂದು ನೋಡಿದಳೋ, ಬಾರದಿರಲಿ ಎಂದು ನೋಡಿದಳೋ ಅವಳಿಗೇ ತಿಳಿಯಲಿಲ್ಲ. ಅಮವಾಸ್ಯೆ ಇನ್ನೂ ಐದು ದಿನ ಇದೆ ಎಂದು ಮಹಾಲಿಂಗಪ್ಪ ಕ್ಯಾಲೆಂಡರ್ ನೋಡಿ ಕೇಳದವರಿಗೂ ಹೇಳುತ್ತಿದ್ದ. ಮೂರಾಯಿತು, ನಾಲ್ಕಾಯಿತು. ಇವರೆಲ್ಲ ಒಂದೇ ಎಂದು ಫಕೀರವ್ವ ಚಹಾದ ಬೋಗುಣಿ ತೊಳೆಯಲು ಕೂತಳು.

ನಾಲ್ಕೂವರೆಗೆ ಹುಡುಗಿ ಬಂದಳು. ಟಂಟಂ ಸಿಗದೆ ನಡೆದುಕೊಂಡು ಬಂದಿದ್ದಳು, ಪಾದವೆಲ್ಲ ಎರೆಮಣ್ಣಿನ ಧೂಳು. ಚೀಲದಲ್ಲಿ ಒಂದು ಸಣ್ಣ ಬಾಟಲಿ ಕುಸುಬಿ ಎಣ್ಣೆ ಇತ್ತು.

"ನಮ್ಮವ್ವ ಊರಾಗ ಆಶಾ ಕಾರ್ಯಕರ್ತೆ ಅದಾಳ್ರಿ. ಫೋನ್ ಮಾಡಿ ಕೇಳೇನಿ. ಬಿಸಿನೀರು ಬೇಕಾಗತೈತ್ರಿ ಅಕ್ಕಾರ, ಒಂದೀಟ ಉಪ್ಪು."

ಫಕೀರವ್ವ ಬೋಗುಣಿಯಲ್ಲಿ ನೀರು ತಂದು ಹಿಡಿದಳು. ಮಂಚದ ಅಂಚಿನಲ್ಲಿ ಕೂತ ಗೌರವ್ವ ಇಬ್ಬರನ್ನೂ ನೋಡಿದಳು, ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಗ ಸೆರಗಿನೊಳಗಿಂದ ಕೈ ಹೊರಗೆ ಬಂತು.

ಹುಡುಗಿ ಅವಸರ ಮಾಡಲಿಲ್ಲ. ಕಾಲು ಗಂಟೆ ಕೈಯನ್ನು ನೀರಿನಲ್ಲಿ ಬಿಟ್ಟಳು. ಆಮೇಲೆ ಎಣ್ಣೆ ಹಚ್ಚಿ, ಬೆರಳುಗಳನ್ನು ಮುಟ್ಟದೆ, ಮಣಿಕಟ್ಟನ್ನು ಮಾತ್ರ ಮೆಲ್ಲಗೆ ಒಳಗೆ ಬಗ್ಗಿಸಿದಳು. "ಬೆರಳ ಜಗ್ಗಬಾರದಂತ್ರಿ. ಜಗ್ಗಿದ್ರ ಇನ್ನೂ ಬಿಗೀ ಹಿಡಿತಾವಂತ. ಮಣಿಕಟ್ಟ ಬಗ್ಗಸಿದ್ರ ಬೆರಳ ತಾವಽ ಸಡಲ ಬಿಡತಾವಂತ." ಹಾಗೆಯೇ ಆಯಿತು. ಎರಡು ವರ್ಷ ಬಿಚ್ಚದ ಮುಷ್ಟಿ ಒಂದು ಅಂಗುಲ ಸಡಿಲಾಯಿತು. ನೀರು ಹಿಡಿದು ನಿಂತ ಫಕೀರವ್ವನಿಗೆ ತಾನು ಕೈ ಜಗ್ಗಿದ್ದು ನೆನಪಾಗಿ ಕಣ್ಣು ಮುಚ್ಚಬೇಕೆನಿಸಿತು. ಇಷ್ಟೇ ಇತ್ತಲ್ಲ, ಇಷ್ಟು ಸಾವಧಾನ ಇದ್ದರೆ ಸಾಕಿತ್ತಲ್ಲ. ಆದರೆ ಹನ್ನೊಂದು ಜನಕ್ಕೆ ಕಾಲು ಕಾಲು ಗಂಟೆ ಎಲ್ಲಿಂದ ತರುವುದು.

ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಉಗುರು ಕತ್ತರಿಸಿ ತೆಗೆದಳು. ಅಂಗೈ ಬೆಳ್ಳಗೆ, ಮೆತ್ತಗೆ ಆಗಿತ್ತು. ಎರಡು ಕಡೆ ಉಗುರು ಒತ್ತಿ ಕೆಂಪಾಗಿತ್ತು, ಕೀವು ಇರಲಿಲ್ಲ. ಅರಿವೆಯಿಂದ ಒರೆಸುತ್ತಿದ್ದವಳು ನಡುವೆ ನಿಂತಳು. ಅಂಗೈಯ ನಡುವೆ ಹುಣಸೆಬೀಜದಷ್ಟು ಕಪ್ಪು ಕಲೆ.

"ಆಯಿ, ಇದೇನ್ರಿ? ಉಗುರಿಂದ ಆಗಿದ್ದಲ್ಲಲ್ಲಾ ಇದು."

ಅದೇ ಹೊತ್ತಿಗೆ ಶಶಿಕಾಂತ ವರದಿ ಪುಸ್ತಕಕ್ಕೆ ಸಹಿ ಹಾಕಲು ಬಂದವನು ಬಗ್ಗಿ ನೋಡಿದ. "ಏನದು ಗಾಯ? ಯಾವಾಗ ಆತು?"

ಫಕೀರವ್ವ ಬೋಗುಣಿಯನ್ನು ಕೆಳಗಿಟ್ಟಳು.

"ಹಳೇದು ಸರ," ಎಂದಳು ಗೌರವ್ವ. "ಒಂದಿನ ಶನಿವಾರ ಉಗುರ ತೆಗಸ್ಕೊಂಡಿದ್ದೆ. ಅದಕ್ಕ ಹಂಗಾತು."

"ಯಾರ ತೆಗದಿದ್ದು?"

"ಯಾರ ತೆಗದ್ರೇನ್ರಿ. ವಾರ ಸರಿ ಇರಲಿಲ್ಲ. ಅದಕ್ಕಽ ನಾ ಶನಿವಾರ ಬ್ಯಾಡ ಬ್ಯಾಡ ಅಂತೀನಿ, ಯಾರೂ ಕೇಳಂಗಿಲ್ಲ."

ಫಕೀರವ್ವನಿಗೆ ಆಗ ತಿಳಿಯಿತು. ಎರಡು ತಿಂಗಳು ಆ ಕೈ ಸೆರಗಿನೊಳಗೆ ಅಡಗಿದ್ದು ತನಗೆ ಅಂಜಿ ಅಲ್ಲ. ಅಂದು ಬಾಗಿಲಲ್ಲಿ ನಿಂತವನು ನೋಡಬಾರದೆಂದು. ಉಗುರು ಅಂಗೈಗೆ ಒತ್ತಿ ನೋಯುತ್ತಿದ್ದರೂ, ದವಾಖಾನೆಗೆ ಕಳಿಸುತ್ತಾರೆಂದು ಗೊತ್ತಿದ್ದರೂ, ಆ ಮುದುಕಿ ಫಕೀರವ್ವನ ತಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ಈಗಲೂ ತಪ್ಪನ್ನೆಲ್ಲ ಶನಿವಾರದ ತಲೆಗೆ ಕಟ್ಟಿ ಅವಳನ್ನು ಬಿಡಿಸಲು ನೋಡುತ್ತಿದ್ದಳು. ಬಿಡಿಸಿಕೊಂಡು ಹೋಗುವಷ್ಟು ಧೈರ್ಯ ಫಕೀರವ್ವನಿಗೆ ಉಳಿಯಲಿಲ್ಲ.

"ನಾನಽ ರೀ ಸರ," ಎಂದಳು. "ಕತ್ತರಿ ಚುಚ್ಚಿತು. ಎರಡ ತಿಂಗಳಾತು. ಹೇಳಾಕ ಅಂಜಿದೆ."

ಹುಡುಗಿ ತಲೆ ತಗ್ಗಿಸಿ ನೇಲ್ ಕಟರ್ ಒರೆಸತೊಡಗಿದಳು. ಶಶಿಕಾಂತ ಏನೋ ಲೆಕ್ಕ ಹಾಕಿದಂತೆ ನಿಂತ.

"ಪ್ರಿನ್ಸಿಪಾಲರು ಬಂದಿದ್ದ ಶನಿವಾರೇನು?"

"ಹೌದ್ರಿ."

"ಲಗೂ ಮಾಡು ಅಂದಾವ ನಾನಽ," ಎಂದ ಅವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅವನಿಗೂ ಸಾಕಾಗಿತ್ತು. ಈ ಕೆಲಸಕ್ಕೆ ಇನ್ನೊಬ್ಬಳು ಸಿಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. "ಇನ್ನೊಮ್ಮಿ ಏನರ ಆದ್ರ ನನಗ ಹೇಳು. ಮುಚ್ಚಿ ಇಡಬ್ಯಾಡ." ಪುಸ್ತಕಕ್ಕೆ ಸಹಿ ಹಾಕಿ ಹೋದ.

ಅವನು ಹೋದದ್ದೇ ಗೌರವ್ವ ತಿರುಗಿಬಿದ್ದಳು. "ವಾರ ಸರಿ ಇರಲಿಲ್ಲ ಅಂತ ನಾ ಹೇಳಾಕತ್ತಿದ್ನಲ್ಲಾ. ನಡುವ ಬಾಯಿ ಹಾಕಂತ ನಿನಗ ಯಾರ ಹೇಳಿದ್ರು? ಖಾನಾವಳಿಯಾಗ ನನ್ನ ಕಡೆ ಕೆಲಸಕ್ಕ ಇದ್ದವರು ಎಷ್ಟ ಸಲ ಕೈ ಸುಟ್ಕೊಂಡಾರ, ಎಷ್ಟ ಸಲ ನನ್ನ ಕೈ ಸುಟ್ಟಾರ. ಅವಸರದಾಗ ಆಗತೈತಿ. ಹೋಗು, ನೀರ ಚೆಲ್ಲಿ ಬಾ."

ಫಕೀರವ್ವ ಹಿತ್ತಲಿಗೆ ಹೋಗಿ ನೀರು ಚೆಲ್ಲಿದಳು. ನಲ್ಲಿಯ ಹತ್ತಿರ ಕೂತು ಅತ್ತಳು. ಹೊಳೆ ಮನೆಯೊಳಗೆ ಬಂದ ದಿನವೂ ಅವಳು ಅತ್ತಿರಲಿಲ್ಲ, ಅಂದು ಎತ್ತಿಡುವ ಕೆಲಸವೇ ಬಹಳ ಇತ್ತು. ಇಂದೂ ಕೆಲಸ ಇತ್ತು; ಚಹಾ ಕುದಿದು ಒಲೆಯ ಮೇಲೆ ಚೆಲ್ಲುತ್ತಿದೆ ಎಂದು ಲಕ್ಷ್ಮೀ ಒಳಗಿನಿಂದ ಕೂಗಿದಳು. ಎದ್ದು ಮುಖ ತೊಳೆದುಕೊಂಡಳು.

ಹುಡುಗಿ ಹೊರಡುವಾಗ ಚಹಾ ಕುಡಿದು, ವರದಿ ಪುಸ್ತಕ ತೆರೆದು ತೋರಿಸಿದಳು. 'ಗೌರವ್ವ ಅವರ ಎಡಗೈ ಉಗುರು ತೆಗೆಯಲಾಯಿತು' ಎಂದಷ್ಟೇ ಬರೆದಿದ್ದಳು. ಕಲೆಯ ಸುದ್ದಿ ಇರಲಿಲ್ಲ. ಎಣ್ಣೆಯ ಬಾಟಲಿಯನ್ನು ಗೌರವ್ವನ ತಲೆದಿಂಬಿನ ಹತ್ತಿರ ಇಟ್ಟಳು.

"ಹದಿನೈದ ದಿನಕ್ಕೊಮ್ಮಿ ತೆಗೀಬೇಕಂತ್ರಿ ಅಕ್ಕಾರ. ನನಗ ಪರೀಕ್ಷಾ ಅದಾವು, ಆಮ್ಯಾಲ ಊರಿಗೆ ಹೋಗ್ತೀನಿ. ಬರ್ತೀನಿ ಅಂತ ಸುಳ್ಳ ಹೇಳಂಗಿಲ್ಲ."

ಆರು ವರ್ಷದಲ್ಲಿ ಹಾಗೆ ಹೇಳಿದವಳು ಇವಳೊಬ್ಬಳೇ. ಫಕೀರವ್ವ ಅವಳನ್ನು ರಸ್ತೆಯವರೆಗೆ ಕಳಿಸಿಬಂದಳು.

ಒಂದನೇ ತಾರೀಖು ಡಾಕ್ಟರ್ ಬಂದರು, ಕೈ ನೋಡಿದರು, ಚಲೋ ಇದೆ ಎಂದು ಮುಂದಿನ ಮಂಚಕ್ಕೆ ಹೋದರು. ಪರೀಕ್ಷೆ ಶುರುವಾಗಿ ಶನಿವಾರದವರೂ ಬರುವುದು ನಿಂತಿತು. ಬಾಳೆಹಣ್ಣಿನ ಸಿಪ್ಪೆ ಇಲ್ಲ, ಬ್ಯಾನರ್ ಇಲ್ಲ. ಕೆಲಸ ಮಾತ್ರ ಒಂದು ಚೂರೂ ಕಡಿಮೆಯಾಗಲಿಲ್ಲ. ಉಗುರಿಗೇನು ಪರೀಕ್ಷೆ, ಅವು ತಮ್ಮ ಪಾಡಿಗೆ ಬೆಳೆದವು. ಫಕೀರವ್ವನಿಗೆ ಅದು ಕಾಣುತ್ತಿತ್ತು. ಈಗ ಅವಳು ತಾಟು ಕೊಡುವಾಗ ಗೌರವ್ವನ ಮುಖ ನೋಡುತ್ತಿದ್ದಳು, ಆದರೆ ಆ ಕೈ ಮುಟ್ಟಲು ಧೈರ್ಯ ಬರುತ್ತಿರಲಿಲ್ಲ. ತನ್ನ ಕೈ ಒರಟು, ತನ್ನ ಕಾಲ ಕೆಳಗೆ ಯಾವಾಗಲೂ ಅವಸರ. ಮತ್ತೆ ಚುಚ್ಚಿದರೆ?

ಹೀಗೆ ಮೂರು ವಾರ ಕಳೆದವು. ಒಂದು ಮಧ್ಯಾಹ್ನ, ಮಹಾಲಿಂಗಪ್ಪನ ಹಾಸಿಗೆ ಬದಲಿಸಿ, ಒದ್ದೆ ಬಟ್ಟೆಯ ಗಂಟು ಹೊತ್ತು ಹೊರಟಿದ್ದವಳನ್ನು ಗೌರವ್ವ ಕರೆದಳು.

"ಫಕೀರವ್ವಾ, ಇವತ್ತ ವಾರ ಯಾವುದು?"

"ಯಾವುದರ ಇರಲಿ ಆಯಿ, ನನಗ ಒಗ್ಯಾಣ ಐತಿ."

"ಒಗ್ಯಾಣ ಎಲ್ಲಿ ಓಡಿಹೋಗತೈತಿ. ವಾರ ಹೇಳು."

ಫಕೀರವ್ವ ಗಂಟು ಕೆಳಗಿಟ್ಟಳು. "ಬುಧವಾರ."

ಗೌರವ್ವ ಸೆರಗಿನೊಳಗಿಂದ ಎಡಗೈ ತೆಗೆದು ಅವಳ ಮುಂದೆ ಹಿಡಿದಳು. ತಲೆದಿಂಬಿನ ಹತ್ತಿರ ಎಣ್ಣೆಯ ಬಾಟಲಿ ಇತ್ತು. ಫಕೀರವ್ವ ಬಿಸಿನೀರು ತರಲು ಹೋದಳು.